ಕನ್ನಡಕ ತೆಗೆದಿಟ್ಟು ನೀರಿಗಿಳಿದ ಏಳು ತಿಂಗಳು: ಈಜು ಕಲಿಯಲು ನನಗೆ ನಿಜಕ್ಕೂ ಬೇಕಾದದ್ದು

ಮೊದಲ ದಿನ ಪೂಲಿಗೆ ಹೋದಾಗ ನನ್ನ ಬ್ಯಾಗು ಹೆಗಲು ಜಗ್ಗುವಷ್ಟು ತುಂಬಿತ್ತು. ಕಪ್ಪು ಗಾಜಿನ ಗಾಗಲ್ಸ್, ಲ್ಯಾಟೆಕ್ಸ್ ಕ್ಯಾಪ್, ಮೂಗಿಗೆ ಕ್ಲಿಪ್, ಕಿವಿಗೆ ಪ್ಲಗ್, ಕೈಗೆ ಹಾಕುವ ಪ್ಯಾಡಲ್, ಕಾಲಿಗೆ ಉದ್ದನೆಯ ಫಿನ್ಸ್, ದಪ್ಪ ಟವಲ್. ಈಜಲು ಒಂದು ಕಾಟನ್ ಟೀ ಶರ್ಟ್ ಮತ್ತು ಲೆಗ್ಗಿಂಗ್ಸ್. ಆಗ ನನಗೆ 41 ವರ್ಷ. ಎದೆಮಟ್ಟದ ನೀರಿನಲ್ಲಿ ನಿಂತರೂ ಉಸಿರು ಬಿಗಿಯಾಗುತ್ತಿತ್ತು. ಸಾಮಾನು ಸರಿಯಾಗಿದ್ದರೆ ಹೆದರಿಕೆ ಅರ್ಧ ಕಡಿಮೆಯಾದೀತು ಎಂದು ನಂಬಿ, ಒಂದೇ ರಾತ್ರಿ ಕೂತಲ್ಲಿಂದಲೇ ಎಲ್ಲವನ್ನೂ ತರಿಸಿಕೊಂಡಿದ್ದೆ. ಆ ನಂಬಿಕೆ ಪೂರ್ತಿ ತಪ್ಪಲ್ಲ. ಒಂದು ವಸ್ತು ನಿಜವಾಗಿಯೂ ನನ್ನ ಹೆದರಿಕೆ ಕಳೆಯಿತು. ಆದರೆ ಅದು ಆ ಬ್ಯಾಗಿನಲ್ಲಿ ಇರಲಿಲ್ಲ.

ಈಗ ಏಳು ತಿಂಗಳಾಗಿದೆ. ವಾರಕ್ಕೆ ಮೂರು ದಿನ ಹೋಗುತ್ತೇನೆ. 25 ಮೀಟರ್ ಪೂಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲದೆ ಫ್ರೀಸ್ಟೈಲ್ ಈಜುತ್ತೇನೆ, ಸ್ವಲ್ಪ ಉಸಿರು ತೆಗೆದುಕೊಂಡು ವಾಪಸ್ ಬರುತ್ತೇನೆ. ದೊಡ್ಡವರಾದ ಮೇಲೆ ಈಜು ಕಲಿಯಲು ಹೊರಟವರು ಯಾರಾದರೂ "ಏನೇನು ತಗೊಳ್ಳಬೇಕು?" ಎಂದು ಕೇಳಿದಾಗಲೆಲ್ಲ ಒಂದು ವಾಕ್ಯದಲ್ಲಿ ಹೇಳಲು ಆಗುವುದಿಲ್ಲ. ಯಾಕೆಂದರೆ ಪ್ರತಿ ವಸ್ತುವಿನ ಬಗ್ಗೆಯೂ ನಾನು ಕಲಿತದ್ದು ನೀರಿನಲ್ಲಿ ಏನೋ ತೊಂದರೆಯಾದ ಮೇಲೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲ ತೊಂದರೆ ನೀರಿಗೆ ಇಳಿಯುವ ಮುಂಚೆಯೇ ಆಯಿತು. ಪೂಲಿನ ಅಂಚಿಗೆ ಬಂದು ನಿಂತಿದ್ದೆ. ಕೋಚ್ ನನ್ನ ಬಟ್ಟೆ ನೋಡಿ ತಡೆದರು. ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು, ಮಾತು ಕಡಿಮೆ. "ಮೇಡಂ, ಕಾಟನ್ ಹಾಕಿಕೊಂಡು ಇಳಿಯಬೇಡಿ" ಎಂದರು. ಬರೀ ನಿಯಮಕ್ಕೆ ಹೇಳುತ್ತಿದ್ದಾರೆ ಅಂದುಕೊಂಡೆ. ಅವರು ನನ್ನ ಟೀ ಶರ್ಟಿನ ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ಕೈಗೇ ಕೊಟ್ಟರು. ಅಷ್ಟು ಚಿಕ್ಕ ಜಾಗ ನೆನೆದದ್ದಕ್ಕೇ ಎಷ್ಟು ಭಾರ! ಕಾಟನ್ ನೀರು ಕುಡಿಯುತ್ತದೆ, ಮೈಗೆ ಅಂಟಿಕೊಂಡು ಕೈ ಎತ್ತಲು ಬಿಡುವುದಿಲ್ಲ, ಸಡಿಲವಾದ ಬಟ್ಟೆಯೊಳಗೆ ನೀರು ತುಂಬಿ ಹಿಂದಕ್ಕೆ ಎಳೆಯುತ್ತದೆ. ಜೊತೆಗೆ ಅದರಿಂದ ಉದುರುವ ನೂಲಿನ ಎಳೆಗಳು ಪೂಲಿನ ಫಿಲ್ಟರ್ ಸೇರುತ್ತವೆ. ಈಜು ಬರುವವರಿಗೇ ಅದು ಕಷ್ಟ. ತೇಲುವುದೇ ಗೊತ್ತಿಲ್ಲದವರಿಗೆ ಇನ್ನೂ ಕಷ್ಟ, ಅಲ್ವಾ? ಆ ದಿನ ನಾನು ಅಂಚಿನಲ್ಲಿ ಕೂತು ಕಾಲು ಮಾತ್ರ ನೀರಿಗೆ ಬಿಟ್ಟು, ಉಳಿದವರು ಕಲಿಯುವುದನ್ನು ನೋಡಿ ಬಂದೆ.

ಈಜುಡುಗೆ ತಗೊಳ್ಳುವಾಗ ನನಗಿದ್ದ ದೊಡ್ಡ ಚಿಂತೆ ಮೈ ಮುಚ್ಚುವುದರ ಬಗ್ಗೆ. ಅದೇ ಚಿಂತೆಯಿಂದ ಎಷ್ಟೋ ಹೆಂಗಸರು ಈಜಿನ ಆಸೆಯನ್ನೇ ಬಿಡುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಬಿಡಬೇಕಾಗಿಲ್ಲ. ಮೊಣಕಾಲಿನ ತನಕ ಬರುವ, ಅರ್ಧ ತೋಳು ಅಥವಾ ಪೂರ್ತಿ ತೋಳಿರುವ ಉಡುಪುಗಳು ಬೇಕಾದಷ್ಟಿವೆ, ಅದರಲ್ಲೂ ಚೆನ್ನಾಗಿ ಈಜಬಹುದು. ಬಟ್ಟೆ ಮಾತ್ರ ಈಜಿಗೆಂದೇ ಮಾಡಿದ್ದಿರಬೇಕು, ಮೈಗೆ ಹಿಡಿದಿರಬೇಕು. ಒಣಗಿದಾಗ ಸರಿಯಾಗಿದೆ ಅನ್ನಿಸಿದ್ದು ನೆನೆದಾಗ ಸ್ವಲ್ಪ ಸಡಿಲವಾಗುತ್ತದೆ. ಅದಕ್ಕೇ ಹಾಕಿ ನೋಡುವಾಗ ಎರಡೂ ಕೈ ಮೇಲೆತ್ತಿ, ಬಗ್ಗಿ, ಕೂತು, ಎದ್ದು ನೋಡಬೇಕು. ಭುಜದ ಹತ್ತಿರ ಎಳೆಯಬಾರದು, ಬೆನ್ನಿನ ಹತ್ತಿರ ಜೋಲಬಾರದು.

ನನ್ನ ಮೊದಲ ಉಡುಪು ಮೂರು ತಿಂಗಳಲ್ಲಿ ಹಾಳಾಯಿತು. ಮುಟ್ಟಲು ತುಂಬಾ ಮೃದುವಾಗಿತ್ತು, ಅದಕ್ಕೇ ಇಷ್ಟಪಟ್ಟಿದ್ದೆ. ಕೂರುವ ಜಾಗದಲ್ಲಿ ಬಟ್ಟೆ ತೆಳ್ಳಗಾಗಿ, ಸಣ್ಣ ಬಿಳಿ ಎಳೆಗಳು ಹೊರಗೆ ಬಂದವು. ಒಳಗಿನ ಚೀಟಿ ಓದಿದೆ. ನೈಲಾನ್ ಮತ್ತು ಇಲಾಸ್ಟೇನ್. ಇಲಾಸ್ಟೇನ್ ಅಂದರೆ ನಾವು ಲೈಕ್ರಾ ಎಂದು ಕರೆಯುವ ಆ ಹಿಗ್ಗುವ ದಾರ. ಪೂಲಿನ ಕ್ಲೋರಿನ್ ಅದನ್ನು ದಿನದಿನವೂ ತಿನ್ನುತ್ತದೆ. ವಾರಕ್ಕೆ ಹಲವು ಸಲ ಪೂಲಿಗೆ ಹೋಗುವವರಿಗೆ ಪಾಲಿಯೆಸ್ಟರ್, ಅದರಲ್ಲೂ ಪಿಬಿಟಿ ಎಂದು ಬರೆದಿರುವ ಬಟ್ಟೆ ಹೆಚ್ಚು ಕಾಲ ಬಾಳುತ್ತದೆ. ಮುಟ್ಟಿದರೆ ಸ್ವಲ್ಪ ಒರಟು, ಆದರೆ ನನ್ನ ಎರಡನೆಯದು ಇನ್ನೂ ಹೊಸದರ ಹಾಗೇ ಇದೆ. ಈಜಿದ ತಕ್ಷಣ ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ ಸುಮ್ನೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಒಣಗಿಸುತ್ತೇನೆ. ವಾಷಿಂಗ್ ಮೆಷಿನ್‌ಗೆ ಹಾಕುವುದಿಲ್ಲ.

ಇನ್ನೊಂದು ಮಾತು. ರೇಸಿಗೆ ಮಾಡಿದ ಬಿಗಿ ಉಡುಪು ತೋರಿಸಿ "ಇದರಲ್ಲಿ ವೇಗ ಬರುತ್ತೆ" ಎಂದು ಹೇಳುವವರು ಸಿಗುತ್ತಾರೆ. ಸ್ಪರ್ಧಿಗಳ ವಿಷಯದಲ್ಲಿ ಬಟ್ಟೆ ವೇಗ ಕೊಟ್ಟದ್ದು ನಿಜವೇ. 2009ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಸೂಟುಗಳನ್ನು ಹಾಕಿಕೊಂಡು ಈಜಿ 43 ವಿಶ್ವ ದಾಖಲೆಗಳು ಬಂದವು, 2010ರ ಜನವರಿಯಿಂದ ಅಂಥ ಸೂಟುಗಳನ್ನೇ ನಿಷೇಧಿಸಿದರು. ಆದರೆ ಅದು ಅವರ ಲೋಕ. ನಮಗೆ ಉಡುಪು ಮಾಡಬೇಕಾದ ಕೆಲಸ ಒಂದೇ. ಈಜುವಾಗ ಅದರ ನೆನಪೇ ಬರಬಾರದು. ಎಳೆದು ಸರಿಮಾಡಿಕೊಳ್ಳಲು ಒಂದು ಕೈ ಹೋಯಿತೆಂದರೆ, ಆ ಕೈ ಈಜಿನಿಂದ ಹೋಯಿತು.

ಈಗ ಗಾಗಲ್ಸ್ ವಿಷಯಕ್ಕೆ ಬರುತ್ತೇನೆ. ನನ್ನ ಪಾಲಿಗೆ ಈಜಿನ ಕಥೆ ಅಂದರೆ ಮುಕ್ಕಾಲು ಪಾಲು ಇದೇ.

ನನಗೆ ಎರಡೂ ಕಣ್ಣಿಗೆ ಮೈನಸ್ ಮೂರೂವರೆ. ಕನ್ನಡಕ ತೆಗೆದರೆ ಪೂಲಿನ ಆ ತುದಿ ಬರೀ ನೀಲಿ ಮಸುಕು. ಕೋಚ್ ಮುಖ ಕಾಣುವುದಿಲ್ಲ. ಕೈ ಸನ್ನೆ ಮಾಡಿದರೆ ಗೊತ್ತಾಗುವುದಿಲ್ಲ. ಮೇಲಿಂದ ನಾನು ತರಿಸಿಕೊಂಡಿದ್ದು ಕನ್ನಡಿಯಂತೆ ಹೊಳೆಯುವ ಕಪ್ಪು ಗಾಜು. ಅದು ಬಯಲಿನ ಪೂಲಿನಲ್ಲಿ, ಬಿಸಿಲು ಕಣ್ಣಿಗೆ ಹೊಡೆಯುವಾಗ ಬೇಕಾಗುವ ಗಾಜು. ನಮ್ಮದು ಮೇಲೆ ಮುಚ್ಚಿದ ಪೂಲ್, ದೀಪದ ಬೆಳಕು. ಒಳಾಂಗಣಕ್ಕೆ ತಿಳಿ ಗಾಜು ಅಥವಾ ತೀರಾ ತಿಳಿ ಬಣ್ಣದ್ದು ಸಾಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಮುಖ ನೀರಿಗೆ ಇಟ್ಟ ತಕ್ಷಣ ಕತ್ತಲೆಯೊಳಗೆ ಹೋದ ಹಾಗೆ ಆಗುತ್ತಿತ್ತು. ಎರಡು ಸೆಕೆಂಡಿಗೆ ತಲೆ ಎತ್ತಿ ನಿಲ್ಲುತ್ತಿದ್ದೆ. ಅದನ್ನು ನಾನು ನೀರಿನ ಹೆದರಿಕೆ ಅಂದುಕೊಂಡಿದ್ದೆ, ಕೋಚ್ ಕೂಡ ಹಾಗೇ ಅಂದುಕೊಂಡಿದ್ದರು.

ಅದರ ಜೊತೆಗೆ ನೀರು ಸೋರುವುದು. ಎಡಗಣ್ಣಿನ ಒಳಮೂಲೆಯಿಂದ ಮೆಲ್ಲಗೆ ನೀರು ಬರುತ್ತಿತ್ತು. ಸೋರಿದರೆ ಏನು ಮಾಡುತ್ತೇವೆ? ಪಟ್ಟಿ ಬಿಗಿ ಮಾಡುತ್ತೇವೆ. ನಾನೂ ಮಾಡಿದೆ. ಇನ್ನೂ ಸೋರಿತು. ಇನ್ನೂ ಬಿಗಿ ಮಾಡಿದೆ. ಮನೆಗೆ ಹೋಗುವಾಗ ಕಣ್ಣಿನ ಸುತ್ತ ಕೆಂಪು ಬಳೆಯಂಥ ಗುರುತು, ಹಣೆಯಲ್ಲಿ ನೋವು. ಎರಡು ವಾರ ಹೀಗೇ ನಡೆಯಿತು. ಒಂದು ದಿನ ಕೋಚ್ ನನ್ನ ಗಾಗಲ್ಸ್ ತೆಗೆದು ಕೈಯಲ್ಲಿ ಹಿಡಿದು, "ಅಕ್ಕಾ, ಪಟ್ಟಿ ಹಾಕದೆ ಸುಮ್ನೆ ಕಣ್ಣಿಗೆ ಒತ್ತಿ, ಕೈ ಬಿಡಿ" ಎಂದರು. ಒತ್ತಿದೆ, ಕೈ ಬಿಟ್ಟೆ. ತಕ್ಷಣ ಕೆಳಗೆ ಬಿತ್ತು. "ಇದು ನಿಮ್ಮ ಮುಖಕ್ಕೆ ಮಾಡಿದ್ದಲ್ಲ. ಎಷ್ಟು ಬಿಗಿ ಮಾಡಿದರೂ ಸೋರುತ್ತೆ" ಎಂದರು.

ಇಷ್ಟೇ ಪರೀಕ್ಷೆ. ಗಾಗಲ್ಸ್ ಒಳಗಿನ ಗಾಳಿ ಸ್ವಲ್ಪ ಹೊರಗೆ ಹೋಗಿ, ಅಂಚಿನ ಸಿಲಿಕೋನ್ ಚರ್ಮಕ್ಕೆ ಎಳೆದು ಹಿಡಿದುಕೊಳ್ಳಬೇಕು. ಪಟ್ಟಿ ಇಲ್ಲದೆ ಎರಡು ಮೂರು ಸೆಕೆಂಡು ನಿಂತರೆ ಅದು ನಮ್ಮ ಮುಖಕ್ಕೆ ಸರಿ. ನೀರು ತಡೆಯುವುದು ಆ ಹಿಡಿತ. ಪಟ್ಟಿಯ ಕೆಲಸ ಗಾಗಲ್ಸ್ ಜಾರದ ಹಾಗೆ ನೋಡಿಕೊಳ್ಳುವುದು ಮಾತ್ರ. ಜಾಸ್ತಿ ಬಿಗಿ ಮಾಡಿದರೆ ಸಿಲಿಕೋನ್ ಅಂಚು ಮಡಚಿಕೊಂಡು ಇನ್ನೂ ಜಾಸ್ತಿ ಸೋರುತ್ತದೆ. ಹಾಗೆಯೇ ಪಟ್ಟಿ ಕಿವಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಬೇಕು. ಎರಡು ಪಟ್ಟಿ ಇದ್ದರೆ ಅವನ್ನು ಸ್ವಲ್ಪ ಅಗಲಿಸಿ ಹಾಕಿಕೊಳ್ಳಬೇಕು. ಮೂಗಿನ ಮೇಲಿನ ಸೇತುವೆಯೂ ಮುಖ್ಯ. ನನ್ನ ಮೊದಲಿನದ್ದರಲ್ಲಿ ಅದು ಒಂದೇ ಅಳತೆ, ನನ್ನ ಮೂಗಿಗೆ ಅಗಲವಾಗಿತ್ತು. ಆ ಒಳಮೂಲೆಯ ಸೋರಿಕೆಗೆ ಅದೇ ಕಾರಣ. ಬೇರೆ ಬೇರೆ ಅಳತೆಯ ಸೇತುವೆಗಳನ್ನು ಜೊತೆಗೆ ಕೊಡುವ ಗಾಗಲ್ಸ್ ಸಿಗುತ್ತವೆ, ಕಲಿಯುವವರಿಗೆ ಅವು ಒಳ್ಳೆಯದು.

ಎರಡನೇ ಜೊತೆ ತಂದೆ. ತಿಳಿ ಗಾಜು. ಒತ್ತಿದರೆ ನಿಂತಿತು, ಆದರೆ ಕಣ್ಣಿನ ಮೇಲೆ ಕೂರುವ ಅದರ ಬಟ್ಟಲು ಚಿಕ್ಕದು, ಅರ್ಧ ಗಂಟೆ ಕಳೆದರೆ ಹುಬ್ಬಿನ ಮೂಳೆ ನೋಯುತ್ತಿತ್ತು. ಅದನ್ನು ಎರಡೇ ದಿನ ಹಾಕಿ, ತೊಳೆದು ಡಬ್ಬಿಯಲ್ಲಿಟ್ಟೆ. ಆಗ ನಮ್ಮ ಬ್ಯಾಚಿನಲ್ಲಿದ್ದ ಒಬ್ಬ ಆಂಟಿ, ಅರವತ್ತು ದಾಟಿದವರು, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ನಿನಗೆ ಪವರ್ ಎಷ್ಟಮ್ಮಾ? ನಂದು ಪವರ್ ಹಾಕಿರೋ ಗಾಗಲ್ಸು, ನೋಡು." ಅಂಥದ್ದೊಂದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಪವರ್ ಇರುವ ಗಾಗಲ್ಸ್ ಸಿದ್ಧವಾಗಿಯೇ ಸಿಗುತ್ತವೆ, ಸಾಮಾನ್ಯವಾಗಿ ಅರ್ಧರ್ಧ ಪವರಿನ ಅಂತರದಲ್ಲಿ. ಎರಡು ಕಣ್ಣಿನ ಪವರ್ ಬೇರೆಯಾದರೆ ಎಡ, ಬಲ ಗಾಜುಗಳನ್ನು ಬಿಡಿಬಿಡಿಯಾಗಿ ಕೊಡುವ ಮಾದರಿಗಳೂ ಇವೆ. ನಮ್ಮ ಪವರ್ ಎರಡು ಅಂಕಿಗಳ ನಡುವೆ ಬಂದರೆ ಕಡಿಮೆಯದನ್ನೇ ತಗೊಳ್ಳಿ ಎಂದು ನನಗೆ ಹೇಳಿದರು. ಸಿಲಿಂಡರ್ ಪವರ್ ಜಾಸ್ತಿ ಇರುವವರು ಕಣ್ಣಿನ ಡಾಕ್ಟರನ್ನೋ ಕನ್ನಡಕ ಮಾಡುವವರನ್ನೋ ಕೇಳಿ ಹೇಳಿಸಿ ಮಾಡಿಸಬೇಕಾಗುತ್ತದೆ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಪೂಲಿಗೆ ಇಳಿಯಬೇಡಿ. ನೀರಿನಲ್ಲಿ ಇರಬಹುದಾದ ಸೂಕ್ಷ್ಮಜೀವಿಗಳು ಲೆನ್ಸಿನ ಅಡಿ ಸಿಕ್ಕಿಕೊಂಡು ಕಣ್ಣಿನ ಪಾರದರ್ಶಕ ಪದರಕ್ಕೆ ಸೋಂಕು ತರಬಹುದು. ಅಕಾಂತಮೀಬಾ ಎಂಬ ಜೀವಿಯಿಂದ ಬರುವ ಸೋಂಕು ದೃಷ್ಟಿಯನ್ನೇ ಕಳೆಯಬಲ್ಲದು. ಅಷ್ಟು ದೊಡ್ಡ ಅಪಾಯ ತೆಗೆದುಕೊಳ್ಳುವ ಅಗತ್ಯವೇ ಇಲ್ಲ, ಪವರ್ ಗಾಗಲ್ಸ್ ಇರುವಾಗ.

ಮೂರನೇ ಜೊತೆ, ಮೈನಸ್ ಮೂರೂವರೆ, ತಿಳಿ ಗಾಜು, ಸ್ವಲ್ಪ ದೊಡ್ಡ ಬಟ್ಟಲು. ಅದನ್ನು ಹಾಕಿಕೊಂಡು ಮುಖ ನೀರಿಗೆ ಇಟ್ಟ ಆ ಕ್ಷಣ ಈಗಲೂ ಕಣ್ಣಮುಂದಿದೆ. ಪೂಲಿನ ತಳ ಕಂಡಿತು. ಲೇನಿನ ನಡುವಿನ ಕಪ್ಪು ಗೆರೆ, ಚೌಕ ಹಂಚುಗಳು, ಹಂಚಿನ ನಡುವಿನ ಸಂದು, ನನ್ನದೇ ಕಾಲ ಬೆರಳುಗಳು. ಎಲ್ಲ ಎಣಿಸುವಷ್ಟು ಸ್ಪಷ್ಟ. ನನಗೆ ಅಳು ಬಂತು. ಐದು ವಾರ ಏನೆಂದೇ ಕಾಣದ ಜಾಗಕ್ಕೆ ಮುಖ ಇಡುತ್ತಿದ್ದೆ. ಹೆದರದೆ ಇನ್ನೇನು? ಆ ದಿನ ಮೊದಲ ಬಾರಿ ಹತ್ತು ಸೆಕೆಂಡು ಮುಖ ಕೆಳಗಿಟ್ಟು ತೇಲಿದೆ. ತಲೆ ಎತ್ತಿದಾಗ ಕೋಚ್ ಚಪ್ಪಾಳೆ ತಟ್ಟುತ್ತಿದ್ದರು, ಅದೂ ಕಾಣಿಸಿತು!

ಯಾಕೆ ಹೀಗೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಕಣ್ಣು ಬೆಳಕನ್ನು ಬಗ್ಗಿಸುವ ಕೆಲಸದ ಬಹುಪಾಲನ್ನು ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ ಮಾಡುತ್ತದೆ. ಅದು ನಡೆಯಬೇಕಾದರೆ ಕಾರ್ನಿಯಾದ ಮುಂದೆ ಗಾಳಿ ಇರಬೇಕು. ನೀರಿನ ವಕ್ರೀಭವನ ಸೂಚ್ಯಂಕ 1.33, ಕಾರ್ನಿಯಾದ್ದು ಹೆಚ್ಚುಕಡಿಮೆ ಅದರ ಹತ್ತಿರವೇ. ಹಾಗಾಗಿ ನೀರು ನೇರವಾಗಿ ಕಣ್ಣಿಗೆ ತಾಗಿದಾಗ ಬೆಳಕು ಅಲ್ಲಿ ಹೆಚ್ಚು ಬಗ್ಗುವುದಿಲ್ಲ, ಒಳ್ಳೆಯ ದೃಷ್ಟಿ ಇರುವವರಿಗೂ ಎಲ್ಲ ಮಸುಕು. ಗಾಗಲ್ಸ್ ಕಣ್ಣಿನ ಮುಂದೆ ಒಂದು ಚಿಕ್ಕ ಗಾಳಿಯ ಕೋಣೆ ಕಟ್ಟಿಕೊಡುತ್ತದೆ, ಅಷ್ಟೇ. ಅದರ ಮೂಲಕ ನೀರೊಳಗಿನ ವಸ್ತುಗಳು ಇರುವುದಕ್ಕಿಂತ ಸ್ವಲ್ಪ ಹತ್ತಿರ, ಸ್ವಲ್ಪ ದೊಡ್ಡದಾಗಿ ಕಾಣುತ್ತವೆ. ಗೋಡೆ ಬಂತು ಎಂದು ಕೈ ಚಾಚಿದರೆ ಇನ್ನೂ ಒಂದು ಗೇಣು ಬಾಕಿ ಇರುತ್ತದೆ. ಅದು ಕೆಲವು ದಿನಗಳಲ್ಲಿ ಅಭ್ಯಾಸವಾಗುತ್ತದೆ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್ ಏಳು ಚಿನ್ನ ಗೆದ್ದದ್ದು ಗಾಗಲ್ಸ್ ಇಲ್ಲದೆ. 2008ರ ಬೀಜಿಂಗ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಈಜುವಾಗ ಮೈಕೆಲ್ ಫೆಲ್ಪ್ಸ್ ಅವರ ಗಾಗಲ್ಸಿಗೆ ನೀರು ತುಂಬಿತು, ಗೋಡೆ ಕಾಣದೆ ಕೈ ಬೀಸುಗಳನ್ನು ಎಣಿಸಿಕೊಂಡೇ ಈಜಿ ವಿಶ್ವ ದಾಖಲೆಯೊಂದಿಗೆ ಗೆದ್ದರು. ಇದನ್ನು ಓದಿ ನನಗೆ ಅನ್ನಿಸಿದ್ದು ಇಷ್ಟು. ಕಾಣದಿದ್ದರೂ ಗೋಡೆ ಎಲ್ಲಿದೆ ಎಂದು ಅವರ ಮೈಗೆ ಗೊತ್ತಿತ್ತು. ನನ್ನಂಥ ಹೊಸಬರ ಮೈಗೆ ಇನ್ನೂ ಏನೂ ಗೊತ್ತಿಲ್ಲ. ಆದ್ದರಿಂದ ಕಾಣಿಸುವುದು ನಮಗೇ ಹೆಚ್ಚು ಅಗತ್ಯ.

ಮಂಜು ಕಟ್ಟುವ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿ ನಾನೊಂದು ತಪ್ಪು ಮಾಡಿದೆ. ಹೊಸ ಗಾಗಲ್ಸ್ ಒಳಗೆ ಮಂಜು ಹಿಡಿಯದ ಹಾಗೆ ತೆಳುವಾದ ಲೇಪ ಇರುತ್ತದೆ. ಒಂದು ದಿನ ಸ್ವಲ್ಪ ಮಸುಕಾಯಿತೆಂದು ಬೆರಳಿನಿಂದ ಒಳಗೆ ಚೆನ್ನಾಗಿ ಉಜ್ಜಿದೆ. ಮರುದಿನದಿಂದ ಮಂಜು ಜಾಸ್ತಿಯಾಯಿತು, ಲೇಪ ಹೋಗಿತ್ತು. ಈಗ ಒಳಗೆ ಬೆರಳು ತಾಗಿಸುವುದೇ ಇಲ್ಲ. ನೀರಿಗೆ ಇಳಿಯುವ ಮುಂಚೆ ಮುಖ ತೊಳೆದು ಸ್ವಲ್ಪ ತಣ್ಣಗಾಗಿಸಿಕೊಳ್ಳುತ್ತೇನೆ, ಗಾಗಲ್ಸನ್ನೂ ನೀರಿನಲ್ಲಿ ಅದ್ದುತ್ತೇನೆ. ಬಿಸಿ ಮುಖ, ತಣ್ಣನೆ ಗಾಜು ಸೇರಿದರೆ ಮಂಜು ಕಟ್ಟುತ್ತದೆ. ಲೇಪ ಹೋದ ಹಳೆಯದಕ್ಕೆ ಮಕ್ಕಳ ಶಾಂಪೂ ಒಂದೇ ಹನಿ ಹಚ್ಚಿ, ಕಣ್ಣು ಉರಿಯದ ಹಾಗೆ ಚೆನ್ನಾಗಿ ತೊಳೆದು ಹಾಕಿಕೊಂಡರೆ ಆ ದಿನಕ್ಕೆ ಸಾಕಾಗುತ್ತದೆ. ಗಟ್ಟಿ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಬ್ಯಾಗಿನಲ್ಲಿ ಬಿಡಿಯಾಗಿ ಹಾಕಿದರೆ ಗೀರು ಬೀಳುತ್ತದೆ.

ಕ್ಯಾಪ್. ನನ್ನ ಕೂದಲು ಸೊಂಟದ ಹತ್ತಿರ ಬರುತ್ತದೆ. ಕ್ಯಾಪ್ ಹಾಕಿದರೆ ಕೂದಲು ಒಣಗಿರುತ್ತದೆ ಎಂದು ನಂಬಿದ್ದೆ. ಇರುವುದಿಲ್ಲ. ಯಾವ ಕ್ಯಾಪ್ ಆದರೂ ಒಳಗೆ ನೀರು ಹೋಗುತ್ತದೆ. ಅದು ಇರುವುದು ಕೂದಲು ಮುಖಕ್ಕೆ, ಬಾಯಿಗೆ ಬಾರದ ಹಾಗೆ ಹಿಡಿದಿಡಲು, ಮತ್ತೆ ಉದುರಿದ ಕೂದಲು ಪೂಲಿಗೆ ಸೇರದಿರಲು. ಲ್ಯಾಟೆಕ್ಸ್ ಕ್ಯಾಪ್ ತೆಳ್ಳಗೆ, ಕೂದಲನ್ನು ಹಿಡಿದೆಳೆಯುತ್ತದೆ. ನನ್ನದು ಮೂರನೇ ದಿನ ಉಗುರು ತಾಗಿ ಹರಿಯಿತು. ಲ್ಯಾಟೆಕ್ಸ್ ಅಲರ್ಜಿ ಇರುವವರು ಅದನ್ನು ಮುಟ್ಟಲೇಬಾರದು. ಸಿಲಿಕೋನ್ ದಪ್ಪ, ಕೂದಲು ಎಳೆಯುವುದಿಲ್ಲ, ಬಾಳಿಕೆ ಬರುತ್ತದೆ. ಉದ್ದ ಕೂದಲಿಗೆಂದು ಹಿಂಭಾಗ ದೊಡ್ಡದಾಗಿ ಮಾಡಿದ ಸಿಲಿಕೋನ್ ಕ್ಯಾಪ್ ಬರುತ್ತದೆ, ಈಗ ನಾನು ಹಾಕುವುದು ಅದನ್ನೇ. ಬಟ್ಟೆಯ ಕ್ಯಾಪ್ ಹಗುರ, ತಲೆಗೆ ಹಿತ, ಆದರೆ ಉದ್ದ ಕೂದಲಿಗೆ ಜಾರುತ್ತದೆ.

ತುರುಬನ್ನು ತೀರಾ ಮೇಲೆ ಕಟ್ಟಿದರೆ ಕ್ಯಾಪ್ ಮೇಲೇರಿ ಬರುತ್ತದೆ, ತೀರಾ ಕೆಳಗೆ ಕಟ್ಟಿದರೆ ಕುತ್ತಿಗೆ ಎತ್ತಲು ತೊಂದರೆ. ತಲೆಯ ಹಿಂದೆ ನಡುವಿನಲ್ಲಿ, ಚಪ್ಪಟೆಯಾಗಿ ಸುತ್ತಿ, ಪಿನ್ ಹಾಕದೆ ಬಟ್ಟೆಯ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಕ್ಯಾಪ್ ಹಾಕುವ ಮುಂಚೆ ಶವರಿನ ನೀರಿನಲ್ಲಿ ಕೂದಲನ್ನು ಪೂರ್ತಿ ನೆನೆಸುತ್ತೇನೆ. ಮೊದಲೇ ಒಳ್ಳೆಯ ನೀರು ಕುಡಿದ ಕೂದಲು ಪೂಲಿನ ನೀರನ್ನು ಕಡಿಮೆ ಹೀರುತ್ತದೆ. ತುದಿಗೆ ಸ್ವಲ್ಪ ಕಂಡೀಷನರ್ ಹಚ್ಚುವವರೂ ಇದ್ದಾರೆ. ಅದು ಕ್ಯಾಪಿನ ಒಳಗೇ ಇರುವಷ್ಟು ಮಾತ್ರ ಇರಲಿ.

ಆ ಶವರ್ ಕೂದಲಿಗಷ್ಟೇ ಅಲ್ಲ. ಪೂಲಿನ ಆ ಘಾಟು ವಾಸನೆ ಜಾಸ್ತಿ ಬಂದರೆ ನೀರು ತುಂಬಾ ಸ್ವಚ್ಛ ಎಂದು ತಿಳಿದಿದ್ದೆ. ವಿಷಯ ಬೇರೆಯೇ. ನಮ್ಮ ಬೆವರು, ಮೂತ್ರ, ಮೈಗೆ ಹಚ್ಚಿದ ಕ್ರೀಮು ಎಲ್ಲ ಕ್ಲೋರಿನ್ ಜೊತೆ ಸೇರಿ ಕ್ಲೋರಮೀನ್ ಎಂಬ ವಸ್ತುಗಳಾಗುತ್ತವೆ. ಆ ವಾಸನೆ, ಕಣ್ಣುರಿ, ಕೆಮ್ಮು ಬಹುಮಟ್ಟಿಗೆ ಅವುಗಳದ್ದೇ. ಒಂದು ನಿಮಿಷ ಶವರ್ ಕೆಳಗೆ ನಿಂತು ಮೈ ತೊಳೆದು ಇಳಿದರೆ ಎಲ್ಲರ ಕಣ್ಣಿಗೂ ಒಳ್ಳೆಯದು. ದಯವಿಟ್ಟು ಇದನ್ನು ಮಾಡಿ.

ಮೂಗಿನ ಕ್ಲಿಪ್ ಎರಡು ವಾರ ಹಾಕಿದೆ. ಮೂಗಿಗೆ ನೀರು ಹೋಗಿ ನೆತ್ತಿಗೆ ಹತ್ತಿದಾಗ ಆಗುವ ಉರಿ ಸಹಿಸಲು ಆಗುತ್ತಿರಲಿಲ್ಲ. ಆದರೆ ಕ್ಲಿಪ್ ಹಾಕಿದಾಗ ನೀರೊಳಗೆ ಉಸಿರು ಬಿಡುವುದನ್ನೇ ಮರೆಯುತ್ತಿದ್ದೆ. ಉಸಿರು ಕಟ್ಟಿಕೊಂಡು ಇರುವುದು, ತಲೆ ಎತ್ತಿದಾಗ ಬಿಡುವುದು, ತೆಗೆದುಕೊಳ್ಳುವುದು ಎರಡೂ ಒಟ್ಟಿಗೆ. ಅದರಿಂದಲೇ ಸುಸ್ತು. ಕೋಚ್ ಒಂದು ಉಪಾಯ ಹೇಳಿಕೊಟ್ಟರು. "ಅಕ್ಕಾ, ಬಾಯಿ ಮುಚ್ಚಿ ಹಾಡಿನ ಥರ ಹೂಂ ಅಂತ ಇರಿ." ಹೂಂಗುಟ್ಟುತ್ತಿದ್ದರೆ ಮೂಗಿನಿಂದ ಗಾಳಿ ಹೊರಗೆ ಬರುತ್ತಲೇ ಇರುತ್ತದೆ. ಗಾಳಿ ಹೊರಗೆ ಬರುವಾಗ ನೀರು ಒಳಗೆ ಹೋಗುವುದಿಲ್ಲ. ಮನೆಯಲ್ಲಿ ಬಕೆಟ್ ನೀರಿಗೆ ಮುಖ ಇಟ್ಟು ಅಭ್ಯಾಸ ಮಾಡಿದೆ. ಒಂದು ವಾರದಲ್ಲಿ ಕ್ಲಿಪ್ ಬೇಡವಾಯಿತು. ಸೈನಸ್ ತೊಂದರೆ ಇರುವವರಿಗೆ, ಅಂಗಾತ ಈಜುವವರಿಗೆ ಕ್ಲಿಪ್ ಉಪಯೋಗಕ್ಕೆ ಬರುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಮೊದಲು ಹೂಂಗುಟ್ಟಿ ನೋಡಿ.

ಕಿವಿಯ ವಿಷಯದಲ್ಲಿ ಪೆಟ್ಟು ತಿಂದೆ. ಎರಡನೇ ತಿಂಗಳಲ್ಲಿ ಬಲಗಿವಿ ತುರಿಕೆ ಶುರುವಾಗಿ, ಆಮೇಲೆ ಕಿವಿಯ ಹಾಲೆ ಮುಟ್ಟಿದರೂ ನೋವು. ಡಾಕ್ಟರ್ ನೋಡಿ ಕಿವಿಯ ಹೊರನಾಳಕ್ಕೆ ಸೋಂಕು ಎಂದರು. ಈಜುವವರಲ್ಲಿ ಇದು ಸಾಮಾನ್ಯವಂತೆ. ಒದ್ದೆ ಉಳಿದ ಜಾಗದಲ್ಲಿ ಸೋಂಕು ಬೆಳೆಯುತ್ತದೆ. ಅವರು ಕೇಳಿದ ಮೊದಲ ಪ್ರಶ್ನೆ, "ಹತ್ತಿ ಕಡ್ಡಿ ಹಾಕ್ತೀರಾ?" ದಿನಾ ಹಾಕುತ್ತಿದ್ದೆ, ನೀರು ತೆಗೆಯಲೆಂದು. ಆ ಕಡ್ಡಿ ಒಳಗಿನ ಚರ್ಮ ಗೀರುತ್ತದೆ, ಕಿವಿಯನ್ನು ಕಾಯುವ ಗುಗ್ಗೆಯನ್ನೂ ತೆಗೆಯುತ್ತದೆ. ಹತ್ತು ದಿನ ಈಜು ಬಂದ್ ಆಯಿತು. ಈಗ ಈಜಿದ ಮೇಲೆ ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಿವಿಯ ಹಾಲೆ ಮೆಲ್ಲಗೆ ಅಲ್ಲಾಡಿಸಿ ನೀರು ಇಳಿಸುತ್ತೇನೆ, ಟವಲಿನ ತುದಿಯಿಂದ ಹೊರಗಷ್ಟೇ ಒರೆಸುತ್ತೇನೆ. ಪ್ಲಗ್ ಹಾಕುವುದಾದರೆ ಈಜಿಗೆಂದೇ ಮಾಡಿದ ಮೃದು ಸಿಲಿಕೋನ್ ಒಳ್ಳೆಯದು, ಕಿವಿಯ ಬಾಯಿಗೆ ಮುಚ್ಚಳದ ಹಾಗೆ ಒತ್ತುವಂಥದ್ದು, ಒಳಗೆ ತುರುಕುವಂಥದ್ದಲ್ಲ. ಪ್ಲಗ್ ಹಾಕಿಕೊಂಡು ಆಳಕ್ಕೆ ಮುಳುಗಬಾರದು, ಒತ್ತಡ ಕಿವಿಗೆ ಕೆಟ್ಟದು. ಕಿವಿತಮಟೆಯಲ್ಲಿ ತೂತು ಇರುವವರು, ಕಿವಿಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ನೀರಿಗೆ ಇಳಿಯುವುದೇ ಬೇಡ.

ಇನ್ನು ಕಿಕ್‌ಬೋರ್ಡ್. ಇದನ್ನು ತಗೊಳ್ಳಬೇಕಾಗಿಯೇ ಇರಲಿಲ್ಲ, ಪೂಲಿನಲ್ಲೇ ಒಂದು ರಾಶಿ ಇತ್ತು. ನಿಮ್ಮ ಪೂಲಿನಲ್ಲಿ ಏನಿದೆ ಎಂದು ಮೊದಲು ಕೇಳಿಕೊಳ್ಳಿ. ಹಲಗೆಯ ತುದಿ ಹಿಡಿದು ಕಾಲು ಬಡಿಯುವುದೇ ಒಂದು ತಿಂಗಳು ನನ್ನ ಪಾಠವಾಗಿತ್ತು. ಹಲಗೆ ಹಿಡಿದು ತಲೆ ಎತ್ತಿಕೊಂಡೇ ಇದ್ದರೆ ಸೊಂಟ ಕೆಳಗೆ ಇಳಿಯುತ್ತದೆ, ಎಷ್ಟು ಬಡಿದರೂ ಮುಂದೆ ಹೋಗುವುದಿಲ್ಲ. ಮುಖ ನೀರಿಗೆ ಇಟ್ಟ ತಕ್ಷಣ ಸೊಂಟ ತಾನಾಗಿ ಮೇಲೆ ಬರುತ್ತದೆ. ಮತ್ತೆ ಅದೇ ಮಾತು, ಮುಖ ಇಡಲು ಧೈರ್ಯ ಬರಬೇಕಾದರೆ ಕಣ್ಣಿಗೆ ಕಾಣಬೇಕು. ತೊಡೆಗಳ ನಡುವೆ ಇಟ್ಟುಕೊಳ್ಳುವ ಪುಲ್ ಬಾಯ್ ಕೈ ಬೀಸು ಕಲಿಯುವಾಗ ಬಂತು. ಅದು ಕಾಲನ್ನು ತೇಲಿಸಿ ಹಿಡಿಯುತ್ತದೆ, ಗಮನವೆಲ್ಲ ಕೈ ಮತ್ತು ಉಸಿರಿನ ಮೇಲೆ ಇಡಬಹುದು.

ನಾನು ತಂದ ಉದ್ದ ಫಿನ್ಸ್ ಡೈವಿಂಗ್ ಮಾಡುವವರದ್ದು. ಪೂಲಿನಲ್ಲಿ ಕಲಿಯಲು ಚಿಕ್ಕ ಫಿನ್ಸ್ ಸಾಕು, ಅದೂ ಕಾಲು ಬಡಿತ ಒಂದು ಮಟ್ಟಕ್ಕೆ ಬಂದ ಮೇಲೆ. ಐದನೇ ತಿಂಗಳಲ್ಲಿ ಕೋಚ್ ಹತ್ತಿರದ ಚಿಕ್ಕ ಫಿನ್ಸ್ ಹಾಕಿ ನೋಡಿದೆ. ಕಣಕಾಲು ಸಡಿಲ ಬಿಟ್ಟು ಬಡಿಯುವುದು ಅಂದರೇನು ಎಂದು ಆಗ ಗೊತ್ತಾಯಿತು. ಪ್ಯಾಡಲ್ ಅನ್ನು ಒಂದು ದಿನ ನಾನಾಗಿಯೇ ಹಾಕಿ ಈಜಿದೆ, ಎರಡು ದಿನ ಭುಜ ನೋವು. ಅಗಲವಾದ ಹಲಗೆ ನೀರನ್ನು ಜಾಸ್ತಿ ತಳ್ಳುತ್ತದೆ, ಆ ಭಾರವೆಲ್ಲ ಭುಜಕ್ಕೆ. ಕೈ ಬೀಸು ಸರಿಯಾಗುವ ತನಕ ಅದನ್ನು ಮುಟ್ಟಬೇಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಿಕ್‌ಬೋರ್ಡ್, ಪುಲ್ ಬಾಯ್, ತೋಳಿಗೆ ಹಾಕುವ ಗಾಳಿ ಪಟ್ಟಿ, ಗಾಳಿ ಟ್ಯೂಬು, ಇವು ಯಾವುದೂ ಜೀವ ಉಳಿಸುವ ಸಾಧನ ಅಲ್ಲ. ಕೈಯಿಂದ ಜಾರುತ್ತವೆ, ಗಾಳಿ ಹೋಗುತ್ತದೆ. ಇವುಗಳ ಧೈರ್ಯದ ಮೇಲೆ ಕಾಲು ಮುಟ್ಟದ ಆಳಕ್ಕೆ ಹೋಗಬೇಡಿ. ಒಬ್ಬರೇ ಇಳಿಯಬೇಡಿ. ಲೈಫ್‌ಗಾರ್ಡ್ ಇದ್ದಾರೆಯೇ, ಎಷ್ಟು ಆಳ ಎಂದು ಎಲ್ಲಿ ಬರೆದಿದೆ ಎಂದು ಮೊದಲ ದಿನವೇ ನೋಡಿಕೊಳ್ಳಿ.

ಉಳಿದದ್ದು ಚಿಕ್ಕಪುಟ್ಟ ಸಾಮಾನು. ಹಿಡಿತ ಇರುವ ರಬ್ಬರ್ ಚಪ್ಪಲಿ ಬೇಕೇ ಬೇಕು, ಒದ್ದೆ ನೆಲ ಜಾರುತ್ತದೆ, ಬರಿಗಾಲಿಗೆ ಬೆರಳ ಸಂದಿನ ಫಂಗಸ್ ಅಂಟುತ್ತದೆ. ದಪ್ಪ ಟವಲ್ ಬದಲು ತೆಳ್ಳನೆಯ ಮೈಕ್ರೋಫೈಬರ್ ಟವಲ್ ತಂದೆ, ಬೇಗ ಒಣಗುತ್ತದೆ. ಒದ್ದೆ ಬಟ್ಟೆಗೆ ಬೇರೆ ಚೀಲ. ನೀರಿನ ಬಾಟಲಿ, ಈಜುವಾಗಲೂ ಬೆವರುತ್ತೇವೆ, ಗೊತ್ತಾಗುವುದಿಲ್ಲ ಅಷ್ಟೇ. ಹೊರಗೆ ಬಂದ ಮೇಲೆ ಹಾಕಲು ಒಂದು ಬೆಚ್ಚನೆಯ ಅಂಗಿ, ಯಾಕೆಂದರೆ ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ, ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಚಳಿ ಬಿಡುವುದಿಲ್ಲ. ಉಂಗುರ ಮನೆಯಲ್ಲೇ ತೆಗೆದಿಡಿ. ತಣ್ಣೀರಿಗೆ ಬೆರಳು ಸಣ್ಣಗಾಗಿ ನನ್ನದೊಂದು ಜಾರಿ ತಳ ಸೇರಿತ್ತು. ಹುಡುಕಿಕೊಟ್ಟದ್ದು ಆ ಆಂಟಿ, ತಮ್ಮ ಪವರ್ ಗಾಗಲ್ಸ್ ಹಾಕಿಕೊಂಡು.

ಕಳೆದ ವಾರ ನಮ್ಮ ಬ್ಯಾಚಿಗೆ ಹೊಸಬರೊಬ್ಬರು ಸೇರಿದರು. ಎದೆಮಟ್ಟದ ನೀರಿನಲ್ಲಿ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಗಾಗಲ್ಸ್ ಹಣೆಯ ಮೇಲೆ, ಕಣ್ಣಿನ ಸುತ್ತ ಕೆಂಪು ಬಳೆ. "ಮುಖ ಇಡೋಕೆ ಆಗ್ತಿಲ್ಲ ಅಕ್ಕಾ, ನೀರು ಬರುತ್ತೆ, ಭಯ ಆಗುತ್ತೆ" ಎಂದರು. ಹೋಗಿ ಬ್ಯಾಗಿನಿಂದ ಡಬ್ಬಿ ತಂದೆ. ನನ್ನ ಎರಡನೇ ಜೊತೆ, ಆ ಚಿಕ್ಕ ಬಟ್ಟಲಿನದ್ದು. ನೀರಿನಲ್ಲಿ ಜಾಲಿಸಿ ಅವರ ಕೈಗೆ ಕೊಟ್ಟೆ. "ಪಟ್ಟಿ ಹಾಕಬೇಡಿ. ಸುಮ್ನೆ ಒತ್ತಿ, ಕೈ ಬಿಡಿ."

ಅವರು ಒತ್ತಿದರು, ಕೈ ಬಿಟ್ಟರು. ಬೀಳಲಿಲ್ಲ.